ಕಪಾಟಿನ ಹೊಳೆಕಲ್ಲುಗಳು

ಕಸಬರಿಕೆ ಹಿಡಿದು ಗ್ರಂಥಾಲಯದೊಳಗೆ ಕಾಲಿಟ್ಟ ಕುಂಜಿ ಹೊಸ್ತಿಲಲ್ಲೇ ನಿಂತುಬಿಟ್ಟಳು. ಗಾಜಿನ ಕಪಾಟು ಬರಿದಾಗಿತ್ತು. ಅದರೊಳಗಿದ್ದ ಹೊಳೆಕಲ್ಲುಗಳೆಲ್ಲ ಮೇಜಿನ ಮೇಲೆ ಬಿದ್ದಿದ್ದವು. ಸುನೀತಾ ಟೀಚರ್ ಒಂದನ್ನು ಅಂಗೈಯಲ್ಲಿಟ್ಟುಕೊಂಡು ಚಿನ್ನದ ಬಣ್ಣ ಬಳಿಯುತ್ತಿದ್ದರು.

"ಬಾ ಕುಂಜಿ, ಹೆಂಗಿದೆ ನೋಡು! ನಾಡಿದ್ದು ಶಾಲೆಗೆ ಎಪ್ಪತ್ತೈದು ತುಂಬುತ್ತಲ್ಲ, ಬರೋ ಅತಿಥಿಗಳಿಗೆಲ್ಲ ಒಂದೊಂದು. ಕಲೆಕ್ಟರಿಗೆ ದೊಡ್ಡದು."

"ಮನೆಗೆ ತಗೊಂಡು ಹೋಗ್ತಾರಾ?"

"ಮತ್ತೆ? ಕೊಟ್ಟಿದ್ದನ್ನ ಇಲ್ಲೇ ಬಿಟ್ಟುಹೋಗ್ತಾರಾ!"

ಕುಂಜಿಯ ಜನರಲ್ಲಿ, ಈ ಕಾಡಿನ ಹಳಬರಲ್ಲಿ, ಯಾರಾದರೂ ಸತ್ತರೆ ಹೊಳೆಯಿಂದ ಒಂದು ನುಣುಪು ಕಲ್ಲು ಆರಿಸಿ ತಂದು, ಹಿಂದೆ ಹೋದವರ ಕಲ್ಲುಗಳ ಜೊತೆ ಇಡಬೇಕು. ಸತ್ತವರು ಒಂಟಿಯಾಗಬಾರದು. ಆ ಕಲ್ಲುಗಳ ಗುಡಿಸಲು ಇದ್ದದ್ದು ಮಾವನಲ್ಲ ಎಂಬ ಈ ಊರಿನ ಇದೇ ದಿಬ್ಬದ ಮೇಲೆ. ಒಂಬತ್ತು ವರ್ಷದ ಹಿಂದೆ ಗ್ರಂಥಾಲಯಕ್ಕೆ ಪಾಯ ತೋಡುವಾಗ ಕುಂಜಿ ಅಡ್ಡ ಬಂದು ಇದನ್ನೆಲ್ಲ ಹೇಳಿದ್ದಳು. "ಹೊಳೆಕಲ್ಲಿಗೂ ವಾರಸುದಾರರಾ?" ಎಂದು ಮೇಸ್ತ್ರಿ ನಕ್ಕಿದ್ದ. ಆಮೇಲೆ ಕಲ್ಲುಗಳು ಕಪಾಟು ಸೇರಿದವು, ಮೇಲೊಂದು ಚೀಟಿ ಬಂತು: 'ಗುರುಮಲ್ಲಪ್ಪನವರು ಕಾಡು ಕಡಿದು ನೆಲ ಹಸನು ಮಾಡುವಾಗ ದೊರೆತವು.' ಕುಂಜಿ ಇಲ್ಲಿ ಕಸ ಗುಡಿಸಲು ಸೇರಿದ್ದೇ ಆ ಗಾಜು ಒರೆಸಬಹುದೆಂದು. ಎಲ್ಲರೂ ಒಂದೇ ಸೂರಿನಡಿ ಇದ್ದಾರಲ್ಲ ಎಂದು ಇಷ್ಟು ವರ್ಷ ಹಲ್ಲು ಕಚ್ಚಿಕೊಂಡಿದ್ದಳು.

"ಇವನ್ನ ಯಾರಿಗೂ ಕೊಡಬೇಡಿ ಟೀಚರಮ್ಮ. ಇವರು ನಮ್ಮೋರು. ಸತ್ತೋರು."

ಕಿಟಕಿಯ ಬಳಿ ಕೂತು ಶಾಲೆಯ ಚರಿತ್ರೆ ಬರೆಯುತ್ತಿದ್ದ, ಶಾಲೆಯ ಆಡಳಿತ ನಡೆಸುವ ಕರೆಸ್ಪಾಂಡೆಂಟ್ ನಂಜುಂಡೇಶ ಕನ್ನಡಕದ ಮೇಲಿಂದ ನೋಡಿದ. ಶಾಲೆಗೆ, ಗ್ರಂಥಾಲಯಕ್ಕೆ ಹೆಸರು ಕೊಟ್ಟ ಗುರುಮಲ್ಲಪ್ಪನ ಮೊಮ್ಮಗ.

"ಕಲ್ಲು ನಿಮ್ಮೋರಾ? ಇಲ್ಲಿ ಬರೆದಿದ್ದೀನಿ, ಕೇಳು. ನಮ್ಮ ತಾತ ಮೈಸೂರು ಸೀಮೆಯಿಂದ ಗಾಡಿ ಹೊಡ್ಕೊಂಡು ಬಂದಾಗ ಇಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಬರೀ ಆನೆ, ಹುಲಿ."

"ಚಳಿಜ್ವರ ಬಂದು ಬಿದ್ದಿದ್ದ ನಿಮ್ಮ ತಾತನಿಗೆ ಬೇರು ಅರೆದು ಕುಡಿಸಿದ್ದು ಯಾರು ಅಯ್ಯಾ? ಆನೆಯಾ, ಹುಲಿಯಾ?"

ಟೀಚರ ಕೈಯಲ್ಲಿ ಕುಂಚ ನಿಂತಿತು.

"ಬಾಯಿ ಬಹಳ ಬಂತು ನಿಂಗೆ," ನಂಜುಂಡೇಶನ ಮುಖ ಬಿಗಿದುಕೊಂಡಿತು. "ಕೆಲಸ ಬೇಕೋ, ಬೇಡ್ವೋ?"

ಕುಂಜಿ ಕಸಬರಿಕೆಯನ್ನು ಬಾಗಿಲ ಹಿಂದೆ ಒರಗಿಸಿದಳು. ಮೇಜಿನ ಬಳಿ ಬಂದು ಸೆರಗೊಡ್ಡಿ ಕಲ್ಲುಗಳನ್ನು ಒಂದೊಂದಾಗಿ ತುಂಬಿಕೊಳ್ಳತೊಡಗಿದಳು. ಹಸಿ ಬಣ್ಣ ಸೀರೆಗೆ ಮೆತ್ತಿತು. ಇಷ್ಟು ವರ್ಷ ಕೈಮುಗಿದುಕೊಂಡು ನಿಂತದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಟೀಚರ್ ತಮ್ಮ ಅಂಗೈಯಲ್ಲಿದ್ದ ಅರ್ಧ ಬಳಿದ ಕಲ್ಲನ್ನೂ ಸೆರಗಿಗೆ ಇಳಿಸಿದರು.

"ಸುನೀತಾ! ನೀವೂನಾ?"

ಸೆರಗಿನಲ್ಲಿ ಇಪ್ಪತ್ತೆರಡು. ಇನ್ನೊಂದು ಬೇಕು. ಕುಂಜಿ ಸುತ್ತ ನೋಡಿದಳು. ಬಿಳಿ ಗೆರೆಯ ಕಲ್ಲು. ಹದಿನೈದು ವರ್ಷದ ಹುಡುಗಿಯಾಗಿದ್ದಾಗ ತಾನೇ ಸೊಂಟದುದ್ದ ನೀರಿಗಿಳಿದು ಹುಡುಕಿ ತಂದಿದ್ದು, ಸತ್ತ ಅವ್ವನದು. ಅದು ನಂಜುಂಡೇಶನ ಮುಂದಿತ್ತು, ಅವನು ಬರೆದಿಟ್ಟ ಹಾಳೆಗಳು ಹಾರದಂತೆ.

ನೇರ ಹೋಗಿ ಅದನ್ನು ಎತ್ತಿಕೊಂಡಳು.

ಕಿಟಕಿಯಿಂದ ನುಗ್ಗಿದ ಗಾಳಿಗೆ ಚರಿತ್ರೆ ಕೋಣೆ ತುಂಬ ಹಾರಿತು. ಕೆಲವು ಹಾಳೆಗಳು ಬಾಗಿಲು ದಾಟಿ ಅಂಗಳದ ಕೆಂಧೂಳಿಗೆ ಬಿದ್ದು ಉರುಳಿದವು.

"ಹಿಡಿಯೇ! ಏ ಕುಂಜಿ, ಹಿಡಿ!" ನಂಜುಂಡೇಶ ಮೇಜಿನ ಕೆಳಗೆ ಮೊಣಕಾಲೂರಿ ಕೂಗಿದ.

ತುಂಬಿದ ಸೆರಗನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಅವಳು ಹೊಸ್ತಿಲು ದಾಟಿದಳು. ತಿರುಗಿ ನೋಡಲಿಲ್ಲ.

"ಕಸಬರಿಕೆ ಬಾಗಿಲ ಹಿಂದೆ ಇದೆ, ಅಯ್ಯಾ."