ಅವ್ವನ ಮೊದಲ ಬಟ್ಟಲು

ಸತ್ತವರ ಬಟ್ಟೆಯನ್ನು ಬೆಲ್ಲದ ನೀರಿನಲ್ಲಿ ಹುಳಿ ಬರಿಸಿದರೆ ಅವರ ಮಾತು ಗಡಿಗೆಯೊಳಗೆ ಗುಜುಗುಜು ಎನ್ನತೊಡಗುತ್ತದೆ. ಅಷ್ಟನ್ನು ನಮ್ಮ ಓಣಿಯಲ್ಲಿ ಎಲ್ಲರೂ ಮಾಡುತ್ತಾರೆ, ನಾನೂ ಮಾಡಿದ್ದೇನೆ. ಮಾತು ತಿಳಿಯಾಗಿ ಕೇಳಬೇಕೆಂದರೆ ಭಟ್ಟಿ ಇಳಿಸಬೇಕು. ಅದು ನನಗೆ ಹೊಸದು. ಒಮ್ಮೆ ಭಟ್ಟಿ ಕಂಡ ಬಟ್ಟೆ ಮತ್ತೆ ಮಾತಾಡುವುದಿಲ್ಲ, ಅವ್ವನದು ಉಳಿದಿದ್ದುದು ಒಂದೇ ಸೀರೆ.

ಕಲಿಸಲು ಪಕ್ಕದ ಮನೆಯ ದ್ಯಾಮವ್ವ ಚಿಗವ್ವ ಬಂದು ಒಲೆಯ ಮುಂದೆ ಕುಳಿತಳು.

“ಉರಿ ಸಣ್ಣಗ ಇಡೋ ಫಕೀರ. ನಿನ್ನ ಸಿಟ್ಟಿನಂಗ ಭುಗ್ ಅನಿಸಬ್ಯಾಡ. ತಳ ಹತ್ತಿದರ ನಿಮ್ಮವ್ವ ತೊದಲ್ತಾಳ ನೋಡು.”

ಅವ್ವನ ಸೀರೆ ಹುಳಿ ಬಂದಿದ್ದ ಗಡಿಗೆಗೆ ಸಿಕ್ಕಿಸಿದ ನಳಿಗೆಯ ತುದಿಯಿಂದ ಹನಿ ಬೀಳತೊಡಗಿ ಮೊದಲ ಬಟ್ಟಲು ತುಂಬಿತು.

“ಅದನ್ನ ಚೆಲ್ಲಿಬಿಡು,” ಎಂದಳು ಚಿಗವ್ವ. “ಮೊದಲ ಬಟ್ಟಲದಾಗ ಬರೇ ಬೈಗುಳ ಇರ್ತಾವ. ಯಾರೂ ಇಟ್ಕೊಳ್ಳಂಗಿಲ್ಲ. ಆಮ್ಯಾಲಿಂದು ಹಿಡಿ, ಜೋಗುಳ ಬರ್ತದ.”

ಬಟ್ಟಲನ್ನು ಬಚ್ಚಲಿಗೆ ಒಯ್ದು ಬಾಗಿದೆ. ಅದರೊಳಗಿಂದ ಅವ್ವ ಒದರಿದಳು:

“ಭಾಡ್ಯಾ! ಯಾರ ಜೋಡಿ ಬಡಿದಾಡಿ ಬಂದಿ? ಅಂಗಿ ನೋಡು, ಹರಕೊಂಡು ಬಂದಾನ. ಉಂಡಿಯೋ ಇಲ್ಲೋ?”

ಕೈ ಅಲ್ಲೇ ನಿಂತಿತು. ಅವ್ವನ ಈ ಬೈಗುಳಕ್ಕೆ ಸಿಟ್ಟಾಗಿಯೇ ನಾನು ಮನೆ ಬಿಟ್ಟು ಹೋಗಿದ್ದೆ. ತಿರುಗಿ ಬರುವಷ್ಟರಲ್ಲಿ ಅವಳನ್ನು ಮಣ್ಣು ಮಾಡಿದ್ದರು. ಜೋಗುಳ ಹಾಡುವ ಅವ್ವ ನನಗೆ ನೆನಪೇ ಇಲ್ಲ. ನನಗೆ ಗೊತ್ತಿದ್ದವಳು ಇವಳೇ.

“ಚೆಲ್ಲಿದೇನೋ?” ಒಲೆಯ ಕಡೆಯಿಂದ ಚಿಗವ್ವ ಕೂಗಿದಳು.

ನಾನು ಬಟ್ಟಲನ್ನು ಎದೆಗೆ ಅವಚಿಕೊಂಡು ಅದರೊಳಗೆ ಮೆಲ್ಲಗೆ ಹೇಳಿದೆ:

“ಇಲ್ಲಬೇ ಅವ್ವ, ಇನ್ನೂ ಉಂಡಿಲ್ಲ.”