ನಾಲಿಗೆ ತುದಿಯ ಹೆಸರು

ಆಯುಧದ ಹೆಸರು ಹೇಳಿದರೆ ಆ ಆಯುಧವೇ ಎದುರಿಗೆ ಬಂದು ಬೀಳತೊಡಗಿದ ಮೇಲೆ, ಎಲ್ಲರ ಮನೆಯಂತೆ ನೀಲವ್ವನ ಮನೆಯಲ್ಲೂ ಅಂಥವನ್ನೆಲ್ಲ ‘ಅದು’ ಎಂದಷ್ಟೇ ಕರೆಯುತ್ತಿದ್ದರು. ಆದರೆ ಅತ್ತೆ ಗೌರವ್ವನಿಗೆ ಈಚೆಗೆ ಮರೆವು. ಸೊಸೆಯ ಹೆಸರು ಮರೆತಿದ್ದಳು. ಸೈನ್ಯದಲ್ಲಿದ್ದ ಅಪ್ಪ ಹೇಳಿಕೊಟ್ಟ ಹೆಸರುಗಳು ಮಾತ್ರ ಒಂದೊಂದಾಗಿ ನೆನಪಿಗೆ ಬರುತ್ತಿದ್ದವು. ಬೆಳಿಗ್ಗೆ ‘ಚೂರಿ’ ಎಂದಳು. ಠಣ್ಣೆಂದು ತಟ್ಟೆಗೆ ಬಿತ್ತು. ಮಧ್ಯಾಹ್ನ ‘ಈಟಿ’ ಎಂದಳು. ಮೊಮ್ಮಗಳು ಸಂಗಿಯ ತೊಟ್ಟಿಲ ಪಕ್ಕದಲ್ಲೇ ನೆಟ್ಟುಕೊಂಡಿತು.

ಈಗ ಊಟಕ್ಕೆ ಕೂತ ಮುದುಕಿ ಸಂಗಿಯನ್ನು ತೊಡೆಯ ಮೇಲಿಟ್ಟುಕೊಂಡು ಹಣೆ ತಿಕ್ಕಿಕೊಂಡಳು. “ಒಂದು ಬಿದ್ರ ಇಡೀ ಊರ ಬೂದಿ ಆಗತಿತ್ತಂತ. ಅದಕ್ಕ ಅಪ್ಪ ಏನೋ ಅಂತಿದ್ದನಲ್ಲ ತಂಗಿ... ನಾಲಿಗಿ ತುದೀಗೆ ಬಂದೈತಿ.”

ನೀಲವ್ವ ತಟ್ಟೆಯನ್ನು ಹತ್ತಿರಕ್ಕೆಳೆದುಕೊಂಡಳು. “ಬ್ಯಾಡ್ರಿ ಅತ್ಯಾರ, ಮೊದ್ಲ ಉಣ್ರಿ,” ಎನ್ನುತ್ತ ಹಾಲಲ್ಲಿ ನೆನೆಸಿದ ರೊಟ್ಟಿಯ ದೊಡ್ಡ ತುತ್ತನ್ನು ಅವಳ ಬಾಯಿಗಿಟ್ಟಳು. ಅತ್ತೆ ಮೆಲ್ಲುತ್ತಿರುವಾಗಲೇ ಅವಸರದಲ್ಲಿ ಇನ್ನೊಂದು ತುತ್ತು ಮಾಡಿದಳು. ತುತ್ತು ಕೈಜಾರಿ ನೆಲಕ್ಕೆ ಬಿತ್ತು.

ಗೌರವ್ವ ನುಂಗಿದಳು. ಕಣ್ಣರಳಿಸಿ, ಬೊಚ್ಚುಬಾಯಿ ತುಂಬ ನಕ್ಕಳು.

“ಹಾಂ, ನೆನಪಾತು.”