ಆಮೆನ್‌ಗೆ ಮುಂಚೆ

“ಬಾ, ಪ್ರಾರ್ಥನೆ ಮಾಡೋಣ,” ಎಂದು ಅಣ್ಣ ತಂಗಿಯ ಮಾತನ್ನು ಅರ್ಧಕ್ಕೇ ತುಂಡರಿಸಿದ. ಮಧ್ಯಾಹ್ನ ಮೂರು ಗಂಟೆಗೇ ಅವನ ಬಾಯಿ ಹೆಂಡದ ವಾಸನೆ ಹೊಡೆಯುತ್ತಿತ್ತು. ಇನ್ನು ಅರ್ಧ ಗಂಟೆಯಲ್ಲಿ ಅವನು ಶಾಲೆಯ ವ್ಯಾನಿನಲ್ಲಿ ಹದಿನಾಲ್ಕು ಮಕ್ಕಳನ್ನು ಮನೆ ಮುಟ್ಟಿಸಬೇಕಿತ್ತು.

ಅವನು ವ್ಯಾನ್ ನಿಲ್ಲಿಸುವ ಈ ಶೆಡ್ಡಿಗೆ ಅವಳು ಬಂದದ್ದು ಇದು ಮೂರನೇ ಸಲ. ತಪ್ಪು ಮಾಡಿದವನನ್ನು ಊರೆದುರು ಎಳೆಯುವ ಮೊದಲು ಒಬ್ಬನೇ ಇದ್ದಾಗ ಹೋಗಿ ಗದರಿಸಬೇಕು ಎಂದು ಅವಳಿಗೆ ಕಲಿಸಿದವನೇ ಚರ್ಚಿನ ಸಭೆಯ ಹಿರಿಯನಾದ ಈ ಅಣ್ಣ. ಹಿಂದಿನ ಎರಡು ಸಲವೂ ಅವನು ಹೀಗೇ ಪ್ರಾರ್ಥನೆಗೆ ಕಣ್ಣು ಮುಚ್ಚಿದ, ಅವಳೂ ಮುಚ್ಚಿದಳು. ಪ್ರಾರ್ಥನೆಯ ನಡುವೆ ಬಾಯಿ ಹಾಕುವ ಹಾಗಿಲ್ಲವಲ್ಲ. ಆಮೆನ್ ಮುಗಿಯುವಷ್ಟರಲ್ಲಿ ಅವಳ ಮಾತು ಹಳಸಿರುತ್ತಿತ್ತು, ಅವನು ಸ್ಟೇರಿಂಗ್ ಹಿಡಿದು ಕೂತಿರುತ್ತಿದ್ದ.

“ತಂದೆಯೇ, ನನ್ನ ತಂಗಿಯ ಸಿಟ್ಟು ತಣಿಸು. ಅವಳಿಗೆ ಕ್ಷಮಿಸುವ ಮನಸ್ಸು ಕೊಡು…”

“ಸಾಕು, ನಿಲ್ಲಿಸು.”

ಅವನು ಬೆಚ್ಚಿ ಕಣ್ಣು ಬಿಟ್ಟ. “ಹುಚ್ಚು ಹಿಡಿದಿದೆಯೇನೇ? ಪ್ರಾರ್ಥನೆ ನಡೀತಿದೆ!”

“ಪ್ರಾರ್ಥನೆ ಅಲ್ಲ, ದೇವರ ಹತ್ರ ನನ್ನ ಮೇಲೆ ಚಾಡಿ ಹೇಳ್ತಿದ್ದೀಯ. ನನ್ನ ಮುಖ ನೋಡಿ ಹೇಳಣ್ಣ, ಕುಡಿದಿದ್ದೀಯೋ ಇಲ್ವೋ?”

ಅವನ ರೆಪ್ಪೆ ಮತ್ತೆ ಇಳಿಯತೊಡಗಿತು. ಅವಳು ನರ್ಸ್. ಮಾತ್ರೆ ನುಂಗದೆ ಹಟ ಹಿಡಿಯುವ ರೋಗಿಯನ್ನು ಹಿಡಿಯುವ ಹಾಗೆ ಅವನ ಗದ್ದ ಹಿಡಿದು ಮುಖ ಮೇಲೆತ್ತಿದಳು.

“ಒಂಚೂರು ಕಣೇ,” ಎಂದ ಅವನು.

ಮೂರು ಸಲದಲ್ಲಿ ಅವಳಿಗೆ ಸಿಕ್ಕ ಮೊದಲ ಉತ್ತರ ಅದು. ಗದ್ದ ಬಿಡದೆ, ಇನ್ನೊಂದು ಕೈಯಲ್ಲಿ ಅವಳು ಶಾಲೆಗೆ ಫೋನ್ ಮಾಡಿದಳು.